ಕೊನೆಯ ಬಂಡಿ



ಚಾಂದ್‌ಖೇಡಾದಲ್ಲಿ ಮಳೆಗಾಲವೆಂದರೆ ಬಿಸಿ ದಾಲ್‌ವಡಾ ತಿನ್ನುತ್ತ ಮನೆಯೊಳಗೆ ಕೂಡುವ ಕಾಲ. ಆದರೆ ನಮ್ಮ ಬಡಾವಣೆಯ ಕನ್ನಡದ ಹುಡುಗರಿಗೆ ಅದು ದಪ್ಪ ಟೈರಿನ ಗುಡ್ಡಗಾಡು ಸೈಕಲ್ ಹೊರತೆಗೆಯುವ ಕಾಲ. ಕಳೆದ ವರ್ಷ ಶ್ರಾವಣದ ಒಂದು ಭಾನುವಾರ ನಾವು ಏಳು ಜನ ಸೈಕಲ್‌ಗಳನ್ನು ಟೆಂಪೋಗೆ ಹೇರಿಕೊಂಡು, ಹಿಮ್ಮತ್‌ನಗರ, ಈಡರ್ ದಾಟಿ ಸಾಬರ್‌ಕಾಂಠಾ ಜಿಲ್ಲೆಯ ಪೋಲೋ ಕಾಡಿಗೆ ಹೋದೆವು. ಹರಣಾವ್ ನದಿಯ ದಂಡೆ, ಹಳೆಯ ಗುಡಿಗಳು, ಸುತ್ತ ಹಸಿರು ಗುಡ್ಡ. ಬೇಸಿಗೆಯಲ್ಲಿ ಒಣಗಿ ನಿಂತ ಕಾಡು ಇದೇನಾ ಎನಿಸುವಂತಿತ್ತು.

ವಯಸ್ಸಿನಲ್ಲಿ ಹಿರಿಯನೆಂದು ಹುಡುಗರು ನನ್ನನ್ನೇ ಮುಂದಾಳು ಮಾಡಿದ್ದರು. ಏರಿನಲ್ಲಿ ಎಲ್ಲರೂ ಕೂಡಿಯೇ ಇದ್ದೆವು. ಇಳಿಜಾರು ಬಂದಾಗ ಜೋರು ಮಳೆ ಹಿಡಿಯಿತು. ಕಾಲುದಾರಿಯ ತುಂಬ ಒದ್ದೆ ಕಲ್ಲು, ಮರದ ಬೇರು, ಕೊಳೆತ ಎಲೆ. ನಾನು ನನ್ನ ಸೈಕಲ್ ಸಂಭಾಳಿಸುವುದರಲ್ಲೇ ಮುಳುಗಿ, ನಡುವೆ ದಾರಿ ಎರಡಾದ ಜಾಗದಲ್ಲಿ ನಿಲ್ಲದೆ ಮುಂದೆ ಹೋಗಿಬಿಟ್ಟೆ. ಕೆಳಗೆ ಹಳ್ಳದ ದಂಡೆಯಲ್ಲಿ ತಲೆ ಎಣಿಸಿದರೆ ಆರು!

ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಕೂಗುತ್ತ ಹಿಂದಕ್ಕೆ ಹತ್ತಿದೆವು. ಮುಕ್ಕಾಲು ಗಂಟೆಯ ಮೇಲೆ, ಕವಲಿನ ಇನ್ನೊಂದು ದಾರಿಯಲ್ಲಿ ಹುಡುಗ ಸಿಕ್ಕ. ಗದಗಿನ ಕಡೆಯವನು, ಎಲ್ಲರಿಗಿಂತ ಚಿಕ್ಕವನು. ಅಡ್ಡ ಬೇರಿನ ಮೇಲೆ ಗಾಬರಿಯಿಂದ ಮುಂದಿನ ಬ್ರೇಕ್ ಒತ್ತಿ ಬಿದ್ದಿದ್ದ. ಎಡಗೈಯನ್ನು ಎದೆಗೆ ಅವಚಿಕೊಂಡು ಮರದ ಬುಡದಲ್ಲಿ ನಡುಗುತ್ತ ಕೂತಿದ್ದ. “ಕಾಕಾ, ಬೈಬ್ಯಾಡ್ರಿ. ಭಾಳ ಕೂಗಿದೆ. ಮಳಿ ಸಪ್ಪಳದಾಗ ಯಾರಿಗೂ ಕೇಳಸ್ಲಿಲ್ಲ” ಎಂದ. ಹೆಗಲ ಎಲುಬು ಮುರಿದಿತ್ತು. ಹೆಲ್ಮೆಟ್ ಇದ್ದುದರಿಂದ ತಲೆ ಉಳಿಯಿತು.

ರಾತ್ರಿ ಅವನನ್ನು ಮನೆಗೆ ಮುಟ್ಟಿಸಿದಾಗ ಅವನ ತಾಯಿ ಸಿಟ್ಟು ಮಾಡಲಿಲ್ಲ. ಒಂದೇ ಮಾತು ಕೇಳಿದರು: “ಅಣ್ಣಾರ, ಇವನ ಹಿಂದ ಯಾರಿದ್ರಿ?” ನನ್ನ ಬಳಿ ಉತ್ತರವಿರಲಿಲ್ಲ.

ಆ ರಾತ್ರಿ ನನಗೆ ನಮ್ಮ ಅಜ್ಜನ ನೆನಪಾಯಿತು. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ನಮ್ಮೂರಿನ ಬಂಡಿಗಳು ಸಾಲಾಗಿ ಹೊರಡುವಾಗ ಹುರುಪಿನ ಹುಡುಗರು ಮುಂದಿನ ಬಂಡಿ ಹೊಡೆಯುತ್ತಿದ್ದರು. ಎಲ್ಲರಿಗಿಂತ ಅನುಭವಿಯಾದ ಅಜ್ಜ ಮಾತ್ರ ಕಂದೀಲು ಕಟ್ಟಿಕೊಂಡು ಕೊನೆಯ ಬಂಡಿಯಲ್ಲಿ ಕೂಡುತ್ತಿದ್ದ. ಕೀಲು ಕಳಚಿದ ಬಂಡಿ, ಕುಂಟಿದ ಎತ್ತು ಅವನ ಕಣ್ಣು ತಪ್ಪಿಸಿ ಹಿಂದೆ ಉಳಿಯುವಂತಿರಲಿಲ್ಲ.

ಈ ಆಟ ಹುಟ್ಟಿದ್ದು ಬೇರೆ ರೀತಿಯಲ್ಲಿ ಎಂಬುದೂ ನಿಜ. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಗೆಳೆಯರು ಹಳೆಯ ದಪ್ಪ ಟೈರಿನ ಸೈಕಲ್‌ಗಳಲ್ಲಿ ಗುಡ್ಡ ಇಳಿಯುವ ಪಂದ್ಯ ಶುರುಮಾಡಿದರು. ಕೆಳಗೆ ಮುಟ್ಟುವಷ್ಟರಲ್ಲಿ ಹಿಂದಿನ ಗಾಲಿಯ ಬ್ರೇಕ್ ಕಾದು ಗ್ರೀಸ್ ಹೊಗೆಯಾಗುತ್ತಿತ್ತು, ಮತ್ತೆ ತುಂಬಬೇಕಾಗುತ್ತಿತ್ತು. ಅದಕ್ಕೇ ಆ ಪಂದ್ಯಕ್ಕೆ ‘ರೀಪ್ಯಾಕ್’ ಎಂದು ಹೆಸರಾಯಿತು. ಅಲ್ಲಿ ಒಬ್ಬೊಬ್ಬರಾಗಿ ಗಡಿಯಾರದ ವಿರುದ್ಧ ಇಳಿಯುತ್ತಿದ್ದರು. 1996ರಲ್ಲಿ ಈ ಆಟ ಅಟ್ಲಾಂಟಾ ಒಲಿಂಪಿಕ್ಸನ್ನೂ ಸೇರಿತು. ಪಂದ್ಯಕ್ಕೆ ಅದು ಸರಿ. ಕೂಡಿ ಹೊರಟವರಿಗೆ ಗಡಿಯಾರದ ಗೊಡವೆ ಬೇಡ.

ಈಗ ನಮ್ಮ ತಂಡ ಕೆಲವು ಕಟ್ಟಳೆ ಮಾಡಿಕೊಂಡಿದೆ. ಒಬ್ಬ ಪಳಗಿದವನು ಕಡೆಯಲ್ಲೇ ಇರುತ್ತಾನೆ, ಯಾರನ್ನೂ ದಾಟುವುದಿಲ್ಲ, ಕೊರಳಲ್ಲಿ ಸೀಟಿ. ದಾರಿ ಕವಲೊಡೆದಲ್ಲಿ ಎಲ್ಲರೂ ನಿಂತು ತಲೆ ಎಣಿಸುತ್ತೇವೆ. ತಡವಾಗಿ ಬಂದವನಿಗೂ ಎರಡು ನಿಮಿಷ ದಣಿವಾರಿಸಿಕೊಳ್ಳಲು ಬಿಟ್ಟೇ ಮುಂದೆ ಹೊರಡುತ್ತೇವೆ. ಇಳಿಜಾರಿನಲ್ಲಿ ಮುಂದಿನವನು ಬಿದ್ದರೂ ಹಿಂದಿನವನು ನಿಲ್ಲುವಷ್ಟು ಅಂತರವಿರಬೇಕು. ಒದ್ದೆ ಬೇರನ್ನು ಓರೆಯಾಗಿ ಹಾಯಬಾರದು, ನೇರವಾಗಿ ದಾಟಬೇಕು. ಬ್ರೇಕನ್ನು ಬೇರಿನ ಮೇಲಲ್ಲ, ಅದಕ್ಕಿಂತ ಮೊದಲೇ ಮೆಲ್ಲಗೆ ಹಿಡಿಯಬೇಕು. ಧೈರ್ಯ ಸಾಲದಿದ್ದರೆ ಇಳಿದು ನಡೆಯಬೇಕು, ನಡೆದವನನ್ನು ನೋಡಿ ಯಾರೂ ನಗಬಾರದು. ನಮ್ಮೂರ ಎರೆಮಣ್ಣಿನಂತೆ ಕೆಸರು ಗಾಲಿಗೆ ಮೆತ್ತತೊಡಗಿದರೆ ಅಂದಿನ ಸವಾರಿ ಅಲ್ಲಿಗೇ ಮುಗಿಯಿತು. ಅಂಥಲ್ಲಿ ತುಳಿದರೆ ಸೈಕಲ್ಲೂ ಕೆಡುತ್ತದೆ, ಊರವರು ನಡೆಯುವ ದಾರಿಯೂ ಕೆಡುತ್ತದೆ.

ಹುಡುಗನ ಎಲುಬು ಕೂಡಿದೆ. ಈ ಸಲ ಮಳೆ ಬಿದ್ದ ಮೊದಲ ವಾರವೇ ಅವನ ತಾಯಿ ಫೋನ್ ಮಾಡಿದರು. “ಮತ್ತ ಬರ್ತೀನಿ ಅಂತಾನ್ರಿ. ಕಳಿಸಲೇನ್ರಿ?” ಎಂದರು. “ಕಳಿಸ್ರಿ ತಾಯಿ, ಅವನ ಹಿಂದ ನಾ ಇರ್ತೀನಿ” ಎಂದೆ.

ಮುಂದಾಳುತನವನ್ನು ಹುಡುಗರಿಗೆ ಬಿಟ್ಟುಕೊಟ್ಟಿದ್ದೇನೆ. ಈ ವಯಸ್ಸಿಗೆ ಕೊನೆಯ ಬಂಡಿಯೇ ನನಗೆ ಲೇಸು. ನೀವೂ ಬರುವುದಾದರೆ ತಿಳಿಸಿ, ಹೆಲ್ಮೆಟ್ ಮರೆಯಬೇಡಿ.