ಬೂಷ್ಟು ಸೀರೆಯಲ್ಲಿ, ಪಸೆ ಗೋಡೆಯಲ್ಲಿ

ಶ್ರಾವಣದ ಹಬ್ಬಕ್ಕೆಂದು ಮುಂಬಯಿಯ ಬಾಡಿಗೆ ಮನೆಯಲ್ಲಿ ಕಪಾಟು ತೆರೆದರೆ ಮೊದಲು ಮೂಗಿಗೆ ಬಡಿಯುವುದು ಮುಗ್ಗಲು ವಾಸನೆ. ರೇಷ್ಮೆ ಸೀರೆಯ ಮಡಿಕೆಯಲ್ಲಿ ಬೂದು ಚುಕ್ಕೆಗಳು, ಚರ್ಮದ ಬೆಲ್ಟಿನ ಮೇಲೆ ಬೆಳ್ಳಗಿನ ಬೂಷ್ಟು. "ಸರಿಯಾಗಿ ಒಣಗಿಸಿ ಇಟ್ಟಿರಲಿಲ್ಲವೇನಮ್ಮಾ?" ಎಂದು ಊರಿನಿಂದ ಅತ್ತೆ ಕೇಳುತ್ತಾರೆ. "ಕಿಟಕಿ ತೆಗೆದಿಡಿ" ಎನ್ನುತ್ತಾರೆ ಮನೆ ಮಾಲೀಕರು. ಇಬ್ಬರ ಮಾತಿನಲ್ಲೂ ತಪ್ಪು ಮನೆಯಾಕೆಯದೇ.

ಕಣ್ಣಿಗೆ ಕಾಣುವುದು ಬೂಷ್ಟು, ಮೂಗಿಗೆ ತಿಳಿಯುವುದು ಮುಗ್ಗು, ಎರಡಕ್ಕೂ ಮೂಲ ಪಸೆ. ಕನ್ನಡ ಮೂರನ್ನೂ ಬೇರೆ ಬೇರೆ ಹೆಸರಿಟ್ಟು ಕರೆಯುತ್ತದೆ. ಮನೆಯ ಜಗಳ ಮಾತ್ರ ಬೂಷ್ಟಿನ ಹತ್ತಿರವೇ ನಿಂತುಬಿಡುತ್ತದೆ. ಪಸೆ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ.

ಅತ್ತೆಯ ಮಲೆನಾಡಿನಲ್ಲಿ ಮಳೆಗಾಲವಿಡೀ ಬಚ್ಚಲೊಲೆ ಉರಿಯುತ್ತದೆ, ಅದರ ಮೇಲಿನ ಹಗ್ಗದಲ್ಲಿ ಬಟ್ಟೆ ಗರಿಗರಿಯಾಗಿ ಒಣಗುತ್ತದೆ. ಫ್ಲ್ಯಾಟಿನಲ್ಲಿ ಆ ಒಲೆಯಿಲ್ಲ. ಒದ್ದೆ ಬಟ್ಟೆ ಹಾಲ್‌ನಲ್ಲೇ ಫ್ಯಾನಿನ ಕೆಳಗೆ ಆರಬೇಕು, ಅದರ ನೀರೆಲ್ಲ ಮನೆಯ ಗಾಳಿಗೇ ಸೇರಬೇಕು. ಗಾಳಿಯ ತೇವಾಂಶ ಶೇ. 70 ದಾಟಿ ನಿಂತರೆ ಬೂಷ್ಟಿಗೆ ಹಬ್ಬ; ಜುಲೈನ ಮುಂಬಯಿಯಲ್ಲಿ ಅದು ಸಾಮಾನ್ಯವಾಗಿ ಶೇ. 80ರ ಮೇಲೆಯೇ ಇರುತ್ತದೆ. ಕಿಟಕಿ ತೆಗೆದರೆ ಒಳಗೆ ಬರುವುದೂ ಅದೇ ಗಾಳಿ. ಇನ್ನು ನುಸಿಗುಳಿಗೆ, ಹೆಸರೇ ಹೇಳುವಂತೆ, ನುಸಿಗೆ. ಪಸೆಯನ್ನು ಅದು ಮುಟ್ಟುವುದೂ ಇಲ್ಲ.

ಮೊದಲು ಪಸೆಯ ಮೂಲ ಪತ್ತೆಯಾಗಬೇಕು. ಕಪಾಟು ಸರಿಸಿ, ಹಿಂದಿನ ಗೋಡೆಯನ್ನು ಒರೆಸಿ, ಅಂಗೈಯಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಅಂಟಿಸಿ ಒಂದೆರಡು ದಿನ ಬಿಡಬೇಕು. ಹನಿ ಹೊರಮೈಯಲ್ಲಿ ಕೂತಿದ್ದರೆ ಪಸೆ ಗಾಳಿಯದು. ಆಗ ಕೆಲಸ ಮನೆಯವರದೇ: ಕಪಾಟು ಗೋಡೆಯಿಂದ ಎರಡು ಮೂರು ಇಂಚು ದೂರವಿರಲಿ, ಬಟ್ಟೆ ಇಡುಕಿರಿಯದಿರಲಿ, ಇಸ್ತ್ರಿಯ ಬಿಸಿ ಆರಿದ ಮೇಲೆ ಒಳಗೆ ಹೋಗಲಿ, ರೇಷ್ಮೆಗೆ ಪ್ಲಾಸ್ಟಿಕ್ ಬದಲು ಹಳೆಯ ಹತ್ತಿ ಪಂಚೆ ಸುತ್ತಲಿ. ಕ್ಯಾಲ್ಸಿಯಂ ಕ್ಲೋರೈಡಿನ ಡಬ್ಬಿ ನೀರು ಹೀರುತ್ತದೆ; ತುಂಬಿದಾಗ ಬದಲಿಸಬೇಕು.

ಹನಿ ಹಾಳೆಯ ಹಿಂದೆ, ಗೋಡೆಯ ಕಡೆ ಇದ್ದರೆ ಕಥೆಯೇ ಬೇರೆ. ಆಚೆ ಬಚ್ಚಲಿನ ಪೈಪು ಒಸರುತ್ತಿರಬಹುದು, ಮಳೆ ಬಡಿಯುವ ಹೊರಗೋಡೆ ಬಿರುಕು ಬಿಟ್ಟಿರಬಹುದು. ಮೊದಲನೆಯದು ಫ್ಲ್ಯಾಟಿನ ಮಾಲೀಕರ ಕೆಲಸ, ಎರಡನೆಯದು ಸೊಸೈಟಿಯದು. ಕಪಾಟಿನಲ್ಲಿ ಎಷ್ಟು ಡಬ್ಬಿ ಇಟ್ಟರೂ ಆ ಗೋಡೆ ಒಣಗದು. ತೇವದ ಮನೆಗೂ ಕೆಮ್ಮು, ಆಸ್ತಮಾಕ್ಕೂ ನಂಟಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ. ಹಾಗಾಗಿ ಇದು ಬರೀ ಸೀರೆಯ ಮಾತೂ ಅಲ್ಲ.

ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆ ಮನೆಯ ದುರಸ್ತಿಯ ಹೊಣೆಯನ್ನು ಮಾಲೀಕರ ಮೇಲಿಡುತ್ತದೆ. ಆದರೆ ಅದು ಬಾಡಿಗೆದಾರರಿಗೆ. ಹೊರಗಿನಿಂದ ಬಂದವರು ಸಾಮಾನ್ಯವಾಗಿ ಸಹಿ ಹಾಕುವುದು 11 ತಿಂಗಳ 'ಲೀವ್ ಅಂಡ್ ಲೈಸೆನ್ಸ್' ಕರಾರಿಗೆ. ಕಾನೂನಿನ ಕಣ್ಣಲ್ಲಿ ಅವರು ಬಾಡಿಗೆದಾರರಲ್ಲ, ಪರವಾನಗಿ ಪಡೆದವರು. ಕರಾರಿನಲ್ಲಿ ಬರೆದದ್ದೇ ಅವರ ಮುಖ್ಯ ಆಸರೆ. ಅಲ್ಲಿ ಸೋರಿಕೆಯ ಬಗ್ಗೆ ಒಂದು ಸಾಲೂ ಇಲ್ಲದಿದ್ದರೆ, ನವೀಕರಣದ ಭಯಕ್ಕೆ ಜನ ಬಾಯಿ ಮುಚ್ಚಿಕೊಂಡು ಗೋಡೆ ಒರೆಸುತ್ತಾರೆ.

ಫೆಬ್ರವರಿಯಲ್ಲಿ, ಹೊಸ ಬಣ್ಣ ಬಳಿದ ಒಣ ಗೋಡೆ ನೋಡಿ ಒಪ್ಪುವ ಮೊದಲೇ ಆ ಸಾಲು ಬರೆಸಬೇಕು: ಗೋಡೆಯೊಳಗಿನ ಸೋರಿಕೆಯನ್ನು ತಿಳಿಸಿದ ಇಷ್ಟು ದಿನಗಳಲ್ಲಿ ಮಾಲೀಕರು ಸರಿಪಡಿಸತಕ್ಕದ್ದು. ಸಹಿಗೆ ಮುಂಚೆ ಕಪಾಟಿನ ಹಿಂದೆ ಒಮ್ಮೆ ಕೈಯಾಡಿಸಲೂಬೇಕು. ಬಣ್ಣದ ಕೆಳಗೆ ಗುಳ್ಳೆಯೆದ್ದಿದ್ದರೆ ಬೆರಳಿಗೆ ಸಿಗುತ್ತದೆ.