ತೂತು ಒಂದ ನಮೂನಿ, ಕೆಲಸ ಹತ್ತು ನಮೂನಿ

ಹೊಸಾ ಲ್ಯಾಪ್‌ಟಾಪ್ ಮನಿಗೆ ಬಂದು ಮೂರನೇ ದಿವಸಕ್ಕ ಅಂಗಡಿಯವಾ ನಮಗ 17,500 ರೂಪಾಯಿದು ಇನ್ನೊಂದು ಡಬ್ಬಿ ತೊಗೋರಿ ಅಂದಾ. ಲ್ಯಾಪ್‌ಟಾಪಿಗೇ 62,000 ಸುರದು ಬಂದಿದ್ವಿ. ಯಾಕ ತಮ್ಮಾ ಅಂತ ಕೇಳಿದ್ರ, “ಅಕ್ಕಾರ, ನಿಮ್ಮ ಹಳೇ ಮಾನಿಟರ್ ಇದಕ್ಕ ಕೂಡಂಗಿಲ್ರಿ. ಒಂದೋ ಡಾಕ್ ತೊಗೋರಿ, ಇಲ್ಲಾ ಹೊಸಾ ಮಾನಿಟರ್ ತೊಗೋರಿ. ಎರಡೂ ತೊಗೊಂಡ್ರ ಇನ್ನೂ ಛಲೋ” ಅಂದಾ.

ಎರಡೂ ತೊಗೊಳ್ಳಲಿಲ್ಲ. ಇವತ್ತ ನಮ್ಮ ಮನ್ಯಾಗ ಅವ ಹಳೇ ಎರಡು ಮಾನಿಟರ್ ಆ ಹೊಸಾ ಲ್ಯಾಪ್‌ಟಾಪಿಗೆ ಕೂಡಿ ಮುಂಜಾನಿಂದ ಸಂಜೀತನಾ ನಡದಾವ. ಆದ್ರ ಅಲ್ಲೀತನಾ ಬರೋದ್ರಾಗ ನಂಗ ಎಷ್ಟು ಸಿಟ್ಟು ಬಂದಿತ್ತಂದ್ರ, ಅದನ್ನ ಇಲ್ಲೆ ಬರದು ಹಗರ ಆಗಬೇಕು. ಲ್ಯಾಪ್‌ಟಾಪ್ ಕಂಪನಿ ಹೆಸರು, ಅಂಗಡಿ ಹೆಸರು ಎರಡೂ ಹೇಳಂಗಿಲ್ಲ. ಈ ವಿಷಯದಾಗ ಎಲ್ಲಾರೂ ಒಂದ ಓಣ್ಯಾಗಿನವರು.

ಮೊದಲ ಎರಡು ಮಾನಿಟರ್ ಯಾಕ ಬೇಕು ಅಂತ ಹೇಳಿಬಿಡ್ತೇನಿ, ಇಲ್ಲಾಂದ್ರ “ಇದೆಲ್ಲಾ ಶೋಕಿ” ಅನ್ನೋವರು ಇದ್ದಾರ. ನಮ್ಮ ಸೊಸಿ ಮನ್ಯಾಗ ಕೂತು ಹತ್ತಿಪ್ಪತ್ತು ಸಣ್ಣ ಅಂಗಡಿಯವರ ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ಕೆಲಸ ಮಾಡ್ತಾಳ. ಒಂದ್ರಾಗ ಬ್ಯಾಂಕಿನ ಸ್ಟೇಟ್‌ಮೆಂಟ್, ಒಂದ್ರಾಗ ಖಾತೆ ಪುಸ್ತಕ, ಲ್ಯಾಪ್‌ಟಾಪಿನ ಸ್ವಂತ ಪರದಾ ಮ್ಯಾಲೆ ಸರ್ಕಾರದ ಪೋರ್ಟಲ್. ಹಳೇ ಕಂಪ್ಯೂಟರ್ ಸತ್ತ ಮ್ಯಾಲೆ ಹತ್ತು ದಿವಸ ಹದಿನಾಲ್ಕು ಇಂಚಿನ ಪರದಾದಾಗ ಇವು ಮೂರನ್ನೂ ಹಿಂದ ಮುಂದ ಸರಿಸಿಕೋತ ಕೂತಿದ್ಲು. ಕುತಿಗಿ ಹಿಡಕೊಂಡಿತ್ತು, ಕಣ್ಣಾಗ ನೀರು. ಒಂದು ಸೊನ್ನಿ ಆಕಡೆ ಈಕಡೆ ಆದ್ರ ನೋಟೀಸ್ ಬರೋದು ಗಿರಾಕಿಗೆ, ಬೈಸಿಕೊಳ್ಳೋದು ಈಕಿ. ಅದೂ ಜುಲೈ ತಿಂಗಳು. ಟ್ಯಾಕ್ಸಿನವರಿಗೆ ಜುಲೈ ಅಂದ್ರ ನಮಗ ದೀಪಾವಳಿ ಫರಾಳದ ಗದ್ಲ ಇದ್ದಂಗ.

ಈಗ ಆದದ್ದು ಕೇಳ್ರಿ. ಹೊಸಾ ಲ್ಯಾಪ್‌ಟಾಪು ಭಾಳ ತೆಳ್ಳಗ. ಅದಕ್ಕ ಇರೋದು ಟೈಪ್-ಸಿ ಅನ್ನೋ ಸಣ್ಣ ತೂತು ಎರಡು, ಹಳೇ ಅಗಲ ಯುಎಸ್‌ಬಿ ಒಂದು. ಎಚ್‌ಡಿಎಂಐ ಇಲ್ಲ. ನಮ್ಮ ಒಂದು ಮಾನಿಟರಿಗೆ ಎಚ್‌ಡಿಎಂಐ ಅದ, ಇನ್ನೊಂದು, ಮಗಾ ಇಂಜಿನಿಯರಿಂಗ್ ಸೇರಿದಾಗ ಕೊಡಿಸಿದ್ದು, ಅದಕ್ಕ ಬರೇ ವಿಜಿಎ, ಅದ ನೀಲಿ ಮೂತಿ, ಎರಡೂ ಬಾಜೂಕ ತಿರುವೋ ಸ್ಕ್ರೂ ಇರ್ತಾವಲ್ಲಾ ಅದು. ಸೊಸಿ 650 ರೂಪಾಯಿ ಕೊಟ್ಟು ಟೈಪ್-ಸಿಯಿಂದ ಎಚ್‌ಡಿಎಂಐ ಮಾಡೋ ಒಂದು ತುಂಡು ವೈರ್ ತರಿಸಿದ್ಲು. ಒಂದು ತೂತಿನಾಗ ಚಾರ್ಜರ್ ಇತ್ತು. ಇನ್ನೊಂದು ಖಾಲಿ ಇತ್ತು, ಅದಕ್ಕ ಹಾಕಿದ್ಲು. ಯಾರರೆ ಹಂಗ ಮಾಡೋವರ. ಚಿತ್ರ ಬರಲಿಲ್ಲ. ವೈರ್ ತಿರುಗಿಸಿ ಹಾಕಿದ್ಲು, ಆರಿಸಿ ಹಚ್ಚಿದ್ಲು, ಮಾನಿಟರ್ “ನೋ ಸಿಗ್ನಲ್” ಅಂತ ಒಂದ ಮಂತ್ರ ಜಪಿಸಿಕೋತ ಕೂತು ಬಿಟ್ತು.

ಆ ವೈರ್ ಹಿಡಕೊಂಡ ನಾವು ಹುಬ್ಬಳ್ಳಿಗೆ ಹೋಗಿದ್ದು, ಆ ಹುಡುಗಾ 17,500ರ ಲೆಕ್ಕ ಹೇಳಿದ್ದು.

ನಂಗ ಓದಿದ್ದು ಪಿಯುಸಿ. ಕಂಪ್ಯೂಟರ್ ಅಂದ್ರ ನಂಗೇನೂ ತಿಳೀತದ ಅಂತ ಯಾರೂ ಅನ್ಕೊಳ್ಳಂಗಿಲ್ಲ, ನಾನೂ ಅನ್ಕೊಂಡಿಲ್ಲ. ಆದ್ರ ಮಿಕ್ಸರ್ ತಂದ್ರೂ ಕುಕ್ಕರ್ ತಂದ್ರೂ ಅದರ ಜೋಡಿ ಬಂದ ಪುಸ್ತಕ ಓದೋ ಚಟ ನಂಗದ. ಮನಿಗೆ ಬಂದು ಲ್ಯಾಪ್‌ಟಾಪಿನ ಪುಸ್ತಕ ಹುಡುಕಿದ್ರ ಪೆಟ್ಟಿಗ್ಯಾಗ ಒಂದ ಹಾಳಿ ಇತ್ತು. ಪೂರ್ತಿ ಪುಸ್ತಕ ಇಂಟರ್‌ನೆಟ್ಟಿನಾಗ ಅದ ಅಂತ ಆ ಹಾಳ್ಯಾಗ ಬರದಿದ್ರು. ಸೊಸಿ ತಗದು ಕೊಟ್ಲು, ಇಬ್ಬರೂ ಕೂತು ಓದಿದ್ವಿ. ಅದರಾಗ ಸಣ್ಣ ಅಕ್ಷರದಾಗ ಒಂದು ತೂತಿನ ಮುಂದ “ಡೇಟಾ ಅಷ್ಟ” ಅಂತ ಇತ್ತು. ಇನ್ನೊಂದರ ಮುಂದ “ಡೇಟಾ, ಚಾರ್ಜಿಂಗ್, ಡಿಸ್‌ಪ್ಲೇಪೋರ್ಟ್” ಅಂತ ಇತ್ತು. ಅಂದ್ರ ಚಿತ್ರ ಬರೋ ತೂತಿನಾಗ ನಾವು ಚಾರ್ಜರ್ ಹಾಕಿ, ಚಿತ್ರ ಬರಲಾರದ ತೂತಿಗೆ ವೈರ್ ಹಚ್ಚಿ ದೇವರಿಗೆ ಕೈ ಮುಗದಿದ್ವಿ.

ಚಾರ್ಜರ್ ತಗದು ಅಲ್ಲೆ ವೈರ್ ಹಾಕಿದ್ಲು. ಒಂದ ಸೆಕೆಂಡಿನಾಗ ಚಿತ್ರ ಬಂತು. “ಅತ್ಯಾರ!” ಅಂತ ಒದರಿದ್ಲು ನೋಡ್ರಿ, ಹಿತ್ತಲದಾಗ ಇದ್ದ ನಮ್ಮನಿಯವರು ಹಾವು ಬಂತೇನು ಅಂತ ಓಡಿ ಬಂದ್ರು.

ಈಗ ನೀವ ಹೇಳ್ರಿ, ತಪ್ಪು ಯಾರದು?

ನಮ್ಮ ಅಡಗೀಮನ್ಯಾಗ ಒಂದ ನಮೂನಿ ಹನ್ನೆರಡು ಸ್ಟೀಲ್ ಡಬ್ಬಿ ಅವ. ಪ್ರತಿ ಡಬ್ಬಿ ಮ್ಯಾಲೆ ಚೀಟಿ ಹಚ್ಚೇನಿ, ಸಕ್ರಿ, ಉಪ್ಪು, ರವಾ ಅಂತ. ಡಬ್ಬಿ ಒಂದ ನಮೂನಿ ಇದ್ದಾಗ ಚೀಟಿ ಹಚ್ಚಬೇಕು ಅನ್ನೋದು ಹೊಸದಾಗಿ ಅಡಗಿ ಕಲ್ಯೋ ಹುಡುಗಿಗೂ ಗೊತ್ತಿರ್ತದ. ಇನ್ನ ಗೋಡೆ ಮ್ಯಾಲಿನ ಪ್ಲಗ್ ನೋಡ್ರಿ. 6 ಆಂಪಿಯರಿಂದು ಸಣ್ಣ ಪಿನ್ನು, 16 ಆಂಪಿಯರಿಂದು ದಪ್ಪ ಪಿನ್ನು. ಗೀಜರಿನ ಪ್ಲಗ್ ತೊಗೊಂಡು ಹೋಗಿ ಮೊಬೈಲ್ ಚಾರ್ಜ್ ಮಾಡೋ ಸಣ್ಣ ಸಾಕೆಟ್ಟಿಗೆ ಹಾಕ್ತೇನಿ ಅಂದ್ರೂ ಹೋಗಂಗಿಲ್ಲ. ಕರೆಂಟಿನವರಿಗೆ ಇದ್ದ ಬುದ್ಧಿ ಕಂಪ್ಯೂಟರಿನವರಿಗೆ ಯಾಕ ಬರಲಿಲ್ಲ?

ಬಂದಿತ್ತು, ಮದ್ಲ ಇತ್ತು. ವಿಜಿಎ ಬಂದಿದ್ದು 1987ರಾಗ, ಮೂರು ಸಾಲಿನಾಗ ಹದಿನೈದು ಪಿನ್ನು. ಡಿವಿಐ 1999ರಾಗ ಬಂತು, ಎಚ್‌ಡಿಎಂಐ 2002ರಾಗ, ಡಿಸ್‌ಪ್ಲೇಪೋರ್ಟ್ 2006ರಾಗ. ಒಂದರ ಮೂತಿ ಇನ್ನೊಂದಕ್ಕ ಹೋಗ್ತಿರಲಿಲ್ಲ, ಅದು ತ್ರಾಸ ಖರೆ. ಆದ್ರ ಹೋತು ಅಂದ್ರ ಅಲ್ಲೆ ಚಿತ್ರ ಬರೋದ, ಅದರಾಗ ಸಂಶೇ ಇರಲಿಲ್ಲ. 2014ರಾಗ ಟೈಪ್-ಸಿ ಬಂತು. ಇಪ್ಪತ್ತನಾಲ್ಕು ಪಿನ್ನು, ಹೆಂಗ ತಿರುಗಿಸಿದ್ರೂ ಹೋಗ್ತದ, ಎಲ್ಲಾದಕ್ಕೂ ಒಂದ ಅಂದ್ರು. ನಾವೂ ಖುಷಿ ಪಟ್ವಿ. ಆದ್ರ ಒಂದ ಆಗಿದ್ದು ಮೂತಿ ಅಷ್ಟ. ಒಳಗ ಒಂದು ಬರೇ ಫೈಲ್ ಕಳಸ್ತದ, ಒಂದು ಚಾರ್ಜ್ ಮಾಡ್ತದ, ಒಂದು ಚಿತ್ರಾನೂ ಕೊಡ್ತದ. ವೈರಿನ್ಯಾಗೂ ಅದ ಕಥಿ. ಮೊಬೈಲ್ ಜೋಡಿ ಬಂದ ಟೈಪ್-ಸಿ ವೈರ್ ನೋಡಲಿಕ್ಕೆ ಥೇಟ್ ಹಂಗ ಇರ್ತದ, ಆದ್ರ ಭಾಳ ಸಲ ಅದರಾಗ ಚಿತ್ರ ಹೋಗೋ ತಂತೀನ ಇರಂಗಿಲ್ಲ.

ಕೆಲವು ಕಂಪನಿಯವರು ತೂತಿನ ಬಾಜೂಕ ಮಿಂಚಿನ ಗುರ್ತು, ಇಲ್ಲಾ ಡಿ-ಪಿ ಕೂಡಿಸಿದಂಥಾ ಗುರ್ತು ಹಾಕ್ತಾರ. ಆ ಗುರ್ತು ಇದ್ರ ಚಿತ್ರ ಬರ್ತದ ಅಂತ ತಿಳಕೋಬೇಕು. ನಮ್ಮದಕ್ಕ ಏನೂ ಇದ್ದಿಲ್ಲ. ತಮ್ಮ ಹೆಸರು ಮಾತ್ರ ಮುಚ್ಚಳದ ಮ್ಯಾಲೆ ಅಂಗೈಯಷ್ಟು ದೊಡ್ಡದು ಬರಕೊಂಡಾರ. ಅಲ್ಲೆ ಜಾಗಾ ಇತ್ತು, ಇಲ್ಲೆ ಸಾಸಿವಿ ಕಾಳಿನಷ್ಟು ಗುರ್ತಿಗೆ ಜಾಗಾ ಇದ್ದಿಲ್ಲ ಏನು?

ಯುರೋಪಿನವರು ಕಾನೂನು ಮಾಡ್ಯಾರ. 2024ರ ಡಿಸೆಂಬರ್ 28ರಿಂದ ಮೊಬೈಲಿಗೆ, 2026ರ ಏಪ್ರಿಲ್ 28ರಿಂದ ಲ್ಯಾಪ್‌ಟಾಪಿಗೂ ಚಾರ್ಜಿಂಗಿಗೆ ಟೈಪ್-ಸಿನ ಇರಬೇಕು ಅಂತ. ಛಲೋನ ಆತು, ಮನಿತುಂಬ ಚಾರ್ಜರ್ ಬೀಳೋದು ತಪ್ತದ. ಆದ್ರ ಅದು ಚಾರ್ಜಿಂಗಿನ ಮಾತು. ಆ ತೂತಿನಾಗ ಚಿತ್ರ ಬರ್ತದೋ ಇಲ್ಲೋ ಅನ್ನೋದಕ್ಕ ಅದು ಕೈ ಹಚ್ಚಿಲ್ಲ.

ಇನ್ನ ಆ ಡಾಕಿನ ವಿಷಯ. ಡಾಕಿನಾಗ ಎರಡು ಜಾತಿ. ಒಂದಕ್ಕ ಡಿಸ್‌ಪ್ಲೇಲಿಂಕ್ ಅನ್ನೋ ಚಿಪ್ ಇರ್ತದ, ಅದು ಸಾದಾ ಯುಎಸ್‌ಬಿ ಮ್ಯಾಲೂ ಚಿತ್ರ ತರ್ತದ, ಆದ್ರ ಕಂಪ್ಯೂಟರಿನಾಗ ಅದರ ಸಾಫ್ಟ್‌ವೇರ್ ಹಾಕಬೇಕು. ಇನ್ನೊಂದು ಜಾತಿ, ತೂತಿನಿಂದ ಚಿತ್ರ ಬಂದ್ರ ಮುಂದ ಹಂಚತದ, ಬರಲಿಲ್ಲಂದ್ರ ಅದೂ ಸುಮ್ಮ ಕೂಡ್ತದ. ಆ ಹುಡುಗನ್ನ ಫೋನಿನಾಗ ಕೇಳಿದೆ, “ತಮ್ಮಾ, ನೀ ಹೇಳಿದ ಡಾಕ್ ಯಾವ ಜಾತೀದು?” ಅಂತ. “ಭಾರೀ ಕಂಪನೀದು ಅಕ್ಕಾರ” ಅಂದಾ. ಅಂದ್ರ ಅವನಿಗೂ ಗೊತ್ತಿಲ್ಲ. ಎರಡನೇ ಜಾತೀದು ಇದ್ದು, ನಾವು ಅದನ್ನ ತಂದು ಮತ್ತ ಅದ ಖಾಲಿ ತೂತಿಗೆ ಹಾಕಿದ್ರ 17,500 ಕೊಟ್ಟೂ “ನೋ ಸಿಗ್ನಲ್” ಅಂತಿತ್ತು. ಆ ಹುಡುಗನ ಮ್ಯಾಲೆ ನಂಗ ಸಿಟ್ಟಿಲ್ಲ, ಹನ್ನೆರಡು ತಾಸು ನಿಂತು ದುಡೀತಾನ ಪಾಪ. ಅವನಿಗೆ ಮಾರಲಿಕ್ಕೆ ಕಲಿಸ್ಯಾರ, ತೂತು ಓದಲಿಕ್ಕೆ ಕಲಿಸಿಲ್ಲ.

ನಮ್ಮ ಮಗಾನೂ ಏನ ಕಡಿಮಿ ಇಲ್ಲ. “ಅವ್ವಾ, ಆ ಹಳೇ ಮಾನಿಟರ್ ಒಗೀ. ಎಂಟು ಸಾವಿರಕ್ಕ ಹೊಸಾದು ಬರ್ತದ, ಕರೆಂಟೂ ಉಳೀತದ” ಅಂದಾ. ಕರೆಂಟಿನ ಮಾತು ಸುಳ್ಳಲ್ಲ. ಹಳೇದರ ಬೆನ್ನ ಮ್ಯಾಲೆ 36 ವ್ಯಾಟ್ ಅಂತ ಅದ, ಅವಾ ತೋರಿಸಿದ್ದು 18. ಕಿರಾಣಿ ಚೀಟಿ ಹಿಂದ ಲೆಕ್ಕ ಮಾಡಿದೆ. ದಿನಕ್ಕ ಎಂಟು ತಾಸು, ವರ್ಷಕ್ಕ 300 ದಿವಸ ಹಿಡದ್ರ ಉಳ್ಯೋದು 43 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡೀರಿ, ವರ್ಷಕ್ಕ 300 ರೂಪಾಯಿ ಆಗ್ತದ. ಎಂಟು ಸಾವಿರ ಹಿಂದ ಬರಬೇಕಂದ್ರ ಇಪ್ಪತ್ತಾರು ವರ್ಷ. ಆವಾಗ ಅವನ ಮಗಾ ಅವನಿಗೆ “ಒಗೀ” ಅಂತಿರ್ತಾನ.

ಒಗ್ಯೋದಂದ್ರ ಎಲ್ಲೆ? ಹಳೇ ತೆಳು ಮಾನಿಟರಿನ ಒಳಗ, ಎಲ್‌ಇಡಿ ಬರೋಕಿಂತ ಮದಲಿನವು, ಸಣ್ಣ ಟ್ಯೂಬ್‌ಲೈಟ್ ಇರ್ತಾವ. ಅವುದರಾಗ ಪಾದರಸ ಇರ್ತದ. ಮೋಡಕಾದವನು ಕಟ್ಟೀ ಮ್ಯಾಲೆ ಕೂತು ಸುತಿಗಿಲೆ ಒಡೀತಾನ. 2023ರ ಏಪ್ರಿಲ್ 1ರಿಂದ ಹೊಸಾ ಇ-ತ್ಯಾಜ್ಯ ನಿಯಮ ಜಾರಿ ಅದ, ತಯಾರು ಮಾಡಿದವರ ಮ್ಯಾಲೆನ ಜವಾಬ್ದಾರಿ ಅದ. ಆದ್ರ ನಮ್ಮ ಓಣಿಗೆ ಬರೋದು ತಳ್ಳೋ ಗಾಡಿಯವನ. ಪಾತ್ರಿಗೆ ಕಲಾಯಿ ಹೋದ್ರ ಕಲಾಯಿ ಮಾಡಿಸಿದ ಮನ್ಯಾಗ ಬೆಳದಾಕಿ ನಾ. ನಡೀತಿರೋ ಪದಾರ್ಥ ಒಗೀ ಅಂದ್ರ ಹೊಟ್ಟಿ ಉರೀತದ.

ಹಂಗಾರ ಏನ ಮಾಡಿದ್ವಿ? ಚಾರ್ಜರಿಗೂ ಅದ ತೂತು ಬೇಕು, ಚಿತ್ರಕ್ಕೂ ಅದ ಬೇಕು, ಮ್ಯಾಲೆ ಮಾನಿಟರ್ ಎರಡು. ಸೊಸಿ ಒಂದು ಸಣ್ಣ ಹಬ್ ಹುಡುಕಿದ್ಲು. ಎಚ್‌ಡಿಎಂಐ ಒಂದು, ವಿಜಿಎ ಒಂದು, ಚಾರ್ಜರ್ ಹಾಕಲಿಕ್ಕೆ ಒಂದು ಟೈಪ್-ಸಿ, 2,600 ರೂಪಾಯಿ. ತೊಗೊಳ್ಳೋಕಿಂತ ಮೊದಲ ಎಂಎಸ್‌ಟಿ ಅನ್ನೋ ಮೂರು ಅಕ್ಷರ ಅದಾವೋ ಇಲ್ಲೋ ನೋಡಿದ್ಲು. ಅದಿಲ್ಲಂದ್ರ ಎರಡೂ ಮಾನಿಟರಿನಾಗ ಒಂದ ಚಿತ್ರ ಬರ್ತದ, ಅದನ್ನ ತೊಗೊಂಡು ಏನ ಮಾಡೋದು? ನಮ್ಮದು ವಿಂಡೋಸ್. ಆಪಲ್ ಮ್ಯಾಕ್ ಇದ್ದವರಿಗೆ ಈ ಎಂಎಸ್‌ಟಿ ಉಪಯೋಗ ಆಗಂಗಿಲ್ಲ, ಮ್ಯಾಕ್ ಅದನ್ನ ಬ್ಯಾರೆ ಬ್ಯಾರೆ ಪರದಾ ಅಂತ ಹಿಡ್ಯಂಗಿಲ್ಲ. ಎಂ1, ಎಂ2 ಚಿಪ್ಪಿನ ಮ್ಯಾಕ್‌ಬುಕ್ ಏರ್ ಅಂತೂ ಹೊರಗಿನ ಪರದಾ ಒಂದ ತೊಗೋತದ, ಅವರಿಗೆ ಆ ಡಿಸ್‌ಪ್ಲೇಲಿಂಕ್ ದಾರಿನ ಗತಿ. ಅದಕ್ಕ ಎರಡು ಮಾನಿಟರ್ ಬೇಕು ಅನ್ನೋವರು ಲ್ಯಾಪ್‌ಟಾಪ್ ತೊಗೊಳ್ಳೋ ಮುಂದನ ಕೇಳ್ರಿ, ನಮ್ಹಂಗ ತಂದ ಮ್ಯಾಲಲ್ಲ.

ವಿಜಿಎ ವೈರ್ ಅಟ್ಟದ ಮ್ಯಾಲಿನ ಚೀಲದಾಗನ ಇತ್ತು. ಆ ಚೀಲ ಒಗೀರಿ ಅಂತ ಎಷ್ಟು ಸಲ ಅನಿಸಿಕೊಂಡೇನಿ, ಲೆಕ್ಕ ಇಲ್ಲ. ಎಚ್‌ಡಿಎಂಐಗೆ ಬಂಗಾರದ ಬಣ್ಣದ ಮೂತಿದು 1,800ರ ವೈರ್ ತೊಗೋರಿ ಅಂದಿದ್ರು. ಎರಡು ಮೀಟರಿಗೆ, ಸಾದಾ ಫುಲ್ ಎಚ್‌ಡಿ ಮಾನಿಟರಿಗೆ ಅದರ ಗರಜ ಇಲ್ಲ, 200ರದ್ದೂ ಅದ ಚಿತ್ರ ತೋರಸ್ತದ. ಎಲ್ಲಾ ಕೂಡಿಸಿ ವಿಂಡೋಸ್ ಕೀಲಿ ಜೋಡಿ ‘ಪಿ’ ಒತ್ತಿ, ಎಕ್ಸ್‌ಟೆಂಡ್ ಅನ್ನೋದನ್ನ ಆರಿಸಿದ್ಲು, ಮೂರು ಪರದಾ ಬಂದ್ವು. ವಿಜಿಎದಾಗ ಅಕ್ಷರ ಜರಾ ಮಬ್ಬು ಇದ್ವು. ಮಾನಿಟರಿನ ಕೆಳಗ ‘ಆಟೋ’ ಅನ್ನೋ ಗುಂಡಿ ಇರ್ತದ, ಒತ್ತಿದ್ಲು, ಸರಿ ಕೂತ್ವು. ಎಚ್‌ಡಿಎಂಐದಷ್ಟು ಚೊಕ್ಕ ಅಂತ ಹೇಳಂಗಿಲ್ಲ, ಬ್ಯಾಂಕ್ ಸ್ಟೇಟ್‌ಮೆಂಟ್ ಓದಲಿಕ್ಕೆ ಏನೂ ಕಡಿಮಿ ಇಲ್ಲ.

“ತೆಳ್ಳಗ ಬೇಕು ಅಂತ ಕೇಳೋವರು ನೀವ ಅಲ್ಲೇನು, ದಪ್ಪ ತೂತು ಎಲ್ಲೆ ಇಡ್ಬೇಕು?” ಅಂತ ಮಗಾ ಕಂಪನಿಯವರ ವಕೀಲಕಿ ಮಾಡಿದಾ. ಸೊಸಿಗೆ ತೆಳ್ಳಗ ಬೇಕಾಗಿದ್ದಿಲ್ಲ, ಟೇಬಲ್ ಬಿಟ್ಟು ಆ ಲ್ಯಾಪ್‌ಟಾಪು ಏಳಂಗಿಲ್ಲ. ಇರಲಿ, ತೆಳ್ಳಗ ಮಾಡ್ರಿ, ಎಚ್‌ಡಿಎಂಐ ತಗೀರಿ, ನಿಮ್ಮ ಇಷ್ಟ. ಆದ್ರ ಉಳದ ಎರಡು ತೂತಿನಾಗ ಯಾವುದು ಏನ ಮಾಡ್ತದ ಅಂತ ಬರೀಲಿಕ್ಕೆ ಎಷ್ಟು ಖರ್ಚು ಬರ್ತದಪಾ? ನೀವು ಬರೀಲಿಲ್ಲ ಅಂತ ನಾವು 650 ಕೊಟ್ಟು, ಹುಬ್ಬಳ್ಳಿಗೆ ಬಸ್ ಚಾರ್ಜ್ ಕೊಟ್ಟು, ಹತ್ತು ದಿವಸದ ಕೆಲಸ ಹಾಳು ಮಾಡಿಕೊಂಡ್ವಿ. ಎಷ್ಟು ಮನ್ಯಾಗ 17,500 ಕೊಟ್ಟು ಬಂದಿರ್ತಾರೋ.

ಮಗಾ ಅದಕ್ಕೇನೂ ಉತ್ತರ ಕೊಡಲಿಲ್ಲ. ನಾ ನನ್ನ ಟಿಕಳಿ ಪಾಕೀಟಿನಾಗಿಂದ ಒಂದು ಸಣ್ಣ ಕೆಂಪು ಟಿಕಳಿ ತಗದು ಚಿತ್ರ ಬರೋ ತೂತಿನ ಬಾಜೂಕ ಹಚ್ಚಿದೆ. ಒಂದು ತಿಂಗಳಾತು, ಇನ್ನೂ ಬಿದ್ದಿಲ್ಲ. 650ರ ಆ ವೈರ್ ಸುಮ್ಮ ಬಿದ್ದದ, ನಮ್ಮ ಓಣ್ಯಾಗ ಯಾರಿಗರೆ ಬೇಕಿದ್ರ ಬಂದು ಒಯ್ಯರಿ. ಬರೋ ಮುಂದ ನಿಮ್ಮ ತೂತು ಯಾವುದು ಅಂತ ನೋಡಕೊಂಡು ಬರ್ರಿ.