ಕೊರೊನಾ ಇಳಿದರೂ ಇಳಿಯದ ಯಕೃತ್ತಿನ ಸಂಕಟ

ಚಿತ್ತಾಪುರ: ದೇಶದ ಮೊದಲ ಕೊರೊನಾ ಸಾವು ದಾಖಲಾದದ್ದು ಕಲಬುರಗಿಯ ಹೆಸರಿನಲ್ಲಿ. ಸೌದಿ ಅರೇಬಿಯಾದಿಂದ ಮರಳಿದ್ದ 76 ವರ್ಷದ ವೃದ್ಧರೊಬ್ಬರು 2020ರ ಮಾರ್ಚ್ 10ರಂದು ಹೈದರಾಬಾದಿನಿಂದ ಕಲಬುರಗಿಗೆ ಹಿಂದಿರುಗುವ ದಾರಿಯಲ್ಲೇ ಕೊನೆಯುಸಿರೆಳೆದರು. ಆ ಬಳಿಕ ರಾಜ್ಯದಲ್ಲಿ ಅಧಿಕೃತ ಲೆಕ್ಕದ ಪ್ರಕಾರವೇ 40 ಸಾವಿರಕ್ಕೂ ಹೆಚ್ಚು ಮಂದಿ ಅಸುನೀಗಿದರು. ಸತ್ತವರ ಲೆಕ್ಕವನ್ನು ಸರ್ಕಾರ ಇಟ್ಟಿತು. ಮೊದಲೇ ಯಕೃತ್ತಿನ ರೋಗದಿಂದ ಬಳಲುತ್ತಿದ್ದು, ಸೋಂಕನ್ನೂ ದಾಟಿ ಬದುಕಿದವರು ಮಾತ್ರ ಯಾವ ಪಟ್ಟಿಯಲ್ಲೂ ಪ್ರತ್ಯೇಕವಾಗಿ ಕಾಣಿಸಿಕೊಳ್ಳಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಘೋಷಿಸಿತು. ಇವರ ಪಾಲಿಗೆ ಅದು ಮುಗಿದಿದೆಯೇ ಎಂಬುದೇ ಈಗಿನ ಪ್ರಶ್ನೆ.

ಅಂಕಿಗಳು ಹೇಳುವುದೇನು?

ಮೊದಲ ಅಲೆಯಲ್ಲಿ 29 ದೇಶಗಳಿಂದ ಸಂಗ್ರಹಿಸಿ 2021ರಲ್ಲಿ ಪ್ರಕಟಿಸಲಾದ ಅಧ್ಯಯನವೊಂದು, ಸೋಂಕು ತಗುಲಿದ 745 ದೀರ್ಘಕಾಲೀನ ಯಕೃತ್ ರೋಗಿಗಳನ್ನು ಪರಿಶೀಲಿಸಿತು. ಸಿರೋಸಿಸ್ ಇಲ್ಲದವರಲ್ಲಿ ಸಾವಿನ ಪ್ರಮಾಣ ಶೇ 8ರಷ್ಟಿದ್ದರೆ, ಸಿರೋಸಿಸ್ ಇದ್ದವರಲ್ಲಿ ಶೇ 32ರಷ್ಟಿತ್ತು. ಸಿರೋಸಿಸ್‌ನ ತೀವ್ರತೆಯನ್ನು ಮೂರು ಹಂತಗಳಲ್ಲಿ ಅಳೆದಾಗ ಈ ಪ್ರಮಾಣ ಕ್ರಮವಾಗಿ ಶೇ 19, ಶೇ 35 ಮತ್ತು ಶೇ 51ಕ್ಕೆ ಏರಿತು. ಇವರಲ್ಲಿ ಹೆಚ್ಚಿನವರ ಸಾವಿಗೆ ಶ್ವಾಸಕೋಶದ ವೈಫಲ್ಯವೇ ಕಾರಣವಾಗಿತ್ತು. ಸಿರೋಸಿಸ್ ಇದ್ದವರ ಪೈಕಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಸೋಂಕಿನ ವೇಳೆ ಹೊಟ್ಟೆಯಲ್ಲಿ ನೀರು ತುಂಬುವುದು, ಪ್ರಜ್ಞೆ ಮಂಕಾಗುವುದು ಮುಂತಾದ ಲಕ್ಷಣಗಳು ಹೊಸದಾಗಿ ಕಾಣಿಸಿಕೊಂಡವು ಅಥವಾ ಉಲ್ಬಣಿಸಿದವು.

ಇವು ಲಸಿಕೆಗೆ ಮುಂಚಿನ ಅಂಕಿಗಳು. ಇಂದಿನ ರೋಗಿಗೆ ಹಾಗೆಯೇ ಅನ್ವಯಿಸಲಾಗದು. ಆದರೆ ಯಕೃತ್ತು ಎಷ್ಟು ಹಾಳಾಗಿದೆಯೋ ಅಪಾಯವೂ ಅಷ್ಟೇ ಹೆಚ್ಚು ಎಂಬ ಪಾಠ ಬದಲಾಗಿಲ್ಲ.

ಬದುಕಿದವರ ಪಾಡು

ಸೋಂಕಿನ ವೇಳೆ ಏರಿದ ಯಕೃತ್ತಿನ ಕಿಣ್ವಗಳು ಬಹುತೇಕರಲ್ಲಿ ಕೆಲವು ವಾರಗಳಲ್ಲಿ ಇಳಿಯುತ್ತವೆ. ಇದು ಸಮಾಧಾನದ ಸಂಗತಿ. ಆದರೆ ಅಪಾಯ ಬೇರೆ ದಾರಿಗಳಿಂದಲೂ ಬಂದಿದೆ. ತೀವ್ರ ನಿಗಾ ಘಟಕದಲ್ಲಿ ದೀರ್ಘಕಾಲ ವೆಂಟಿಲೇಟರ್ ಮೇಲಿದ್ದ ಕೆಲವರಲ್ಲಿ ತಿಂಗಳುಗಳ ನಂತರ ಪಿತ್ತನಾಳಗಳು ಕಿರಿದಾಗಿ ಕಾಮಾಲೆ ಕಾಣಿಸಿಕೊಂಡಿತು. ಇದು ವಿರಳವಾದರೂ ಕಸಿಯೊಂದೇ ದಾರಿಯೆನ್ನುವ ಹಂತಕ್ಕೆ ಕೆಲವರನ್ನು ಕೊಂಡೊಯ್ದಿದೆ. ಕೊರೊನಾ ಚಿಕಿತ್ಸೆಗೆ ನೀಡಿದ ಸ್ಟಿರಾಯ್ಡ್, ದೇಹದಲ್ಲಿ ಸುಪ್ತವಾಗಿದ್ದ ಹೆಪಟೈಟಿಸ್-ಬಿ ವೈರಾಣುವನ್ನು ಮತ್ತೆ ಕೆರಳಿಸಬಲ್ಲದು.

ಅಮೃತಬಳ್ಳಿಯ ವಿಷಯವೂ ಇದೆ. ರೋಗನಿರೋಧಕ ಶಕ್ತಿಗೆಂದು ಮನೆಮನೆಯಲ್ಲೂ ಅದರ ಕಷಾಯ ಕುದಿದ ದಿನಗಳವು. ದೇಶದ 13 ಕೇಂದ್ರಗಳ ತಜ್ಞರು ಅಮೃತಬಳ್ಳಿ ಸೇವಿಸಿ ಯಕೃತ್ತಿಗೆ ಹಾನಿಯಾದ 43 ರೋಗಿಗಳ ವಿವರವನ್ನು 2022ರಲ್ಲಿ ಪ್ರಕಟಿಸಿದರು. ಮುಂಬೈ ವೈದ್ಯರು ಅದಕ್ಕೂ ಮೊದಲು ಇಂಥದ್ದೇ ವರದಿ ನೀಡಿದಾಗ ಆಯುಷ್ ಸಚಿವಾಲಯ ಅದನ್ನು ಒಪ್ಪಿರಲಿಲ್ಲ. ವಾದವೇನೇ ಇರಲಿ, ಮೊದಲೇ ಯಕೃತ್ತು ಕೆಟ್ಟವರು ವೈದ್ಯರನ್ನು ಕೇಳದೆ ಯಾವ ಕಷಾಯವನ್ನೂ ತಿಂಗಳುಗಟ್ಟಲೆ ಕುಡಿಯುವುದು ಸಲ್ಲದು.

ಇನ್ನೊಂದು ತೊಡಕು ರೋಗಲಕ್ಷಣಗಳದ್ದು. ಕೊರೊನಾ ಬಳಿಕ ತಿಂಗಳುಗಟ್ಟಲೆ ಉಳಿಯುವ ದಣಿವು, ನಿದ್ರಾಹೀನತೆ, ಮರೆವು ಇವೇ ಸಿರೋಸಿಸ್ ಬಿಗಡಾಯಿಸುವಾಗಲೂ ಕಾಣಿಸುತ್ತವೆ. 'ಕೊರೊನಾ ನಿಶ್ಶಕ್ತಿ' ಎಂದು ತಳ್ಳಿಹಾಕಿದರೆ ಕೆಡುತ್ತಿರುವ ಯಕೃತ್ತು ಗಮನಕ್ಕೇ ಬಾರದೆ ಹೋಗುತ್ತದೆ.

ಕೈತಪ್ಪಿದ ತಪಾಸಣೆ

ಚಿತ್ತಾಪುರ, ಸೇಡಂ ಎರಡೂ ವಾಡಿ–ಸಿಕಂದರಾಬಾದ್ ರೈಲು ಮಾರ್ಗದಲ್ಲಿವೆ. ದೊಡ್ಡ ಕಾಯಿಲೆ ಬಂದರೆ ಇಲ್ಲಿನ ಜನ ಹೈದರಾಬಾದಿನ ರೈಲು ಹತ್ತುವುದು ಹಳೆಯ ರೂಢಿ. 2020ರ ಮಾರ್ಚ್ ಕೊನೆಯ ವಾರದಲ್ಲಿ ಪ್ರಯಾಣಿಕರ ರೈಲುಗಳು ನಿಂತವು, ರಾಜ್ಯಗಳ ಗಡಿಗಳಲ್ಲಿ ತಡೆ ಬಿದ್ದಿತು, ಆಸ್ಪತ್ರೆಗಳ ಹಾಸಿಗೆಗಳು ಕೊರೊನಾಕ್ಕೆ ಮೀಸಲಾದವು. ಸಿರೋಸಿಸ್ ರೋಗಿಗೆ ಕ್ಯಾನ್ಸರ್ ಪತ್ತೆಗಾಗಿ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಆಗಬೇಕು. ಅನ್ನನಾಳದ ರಕ್ತನಾಳಗಳು ಉಬ್ಬಿದ್ದರೆ ಎಂಡೋಸ್ಕೋಪಿ ಆಗಬೇಕು. ಇಂಥ ಒಂದೆರಡು ತಪಾಸಣೆ ತಪ್ಪಿದರೆ ಆಗುವ ನಷ್ಟವು ವೈರಾಣುವಿನ ಹಾನಿಗಿಂತ ಕಡಿಮೆಯದ್ದಲ್ಲ. ಲಸಿಕೆಯಲ್ಲೂ ಹೀಗೆಯೇ ಆಯಿತು. 2021ರ ಮಾರ್ಚ್ 1ರಿಂದ 45–59 ವಯೋಮಾನದವರಿಗೆ ಆದ್ಯತೆ ನೀಡಿದ ಸಹರೋಗಗಳ ಪಟ್ಟಿಯಲ್ಲಿ ಸ್ಥಾನ ಪಡೆದದ್ದು ತೀರಾ ಬಿಗಡಾಯಿಸಿದ ಸಿರೋಸಿಸ್ ಹಾಗೂ ಯಕೃತ್ ಕಸಿ ಮಾತ್ರ. ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೂ ಲಸಿಕೆ ತೆರೆಯುವವರೆಗೆ ಆರಂಭಿಕ ಹಂತದ ಸಿರೋಸಿಸ್ ರೋಗಿ ಕಾಯಬೇಕಾಯಿತು.

ಆಗಬೇಕಾದದ್ದೇನು?

ಯೋಜನೆಗಳ ಕೊರತೆಯೇನೂ ಇಲ್ಲ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಹೆಪಟೈಟಿಸ್-ಬಿ ಮತ್ತು ಸಿ ಪರೀಕ್ಷೆ, ಔಷಧ ಉಚಿತ. ಕೊಬ್ಬಿನ ಯಕೃತ್ ರೋಗವನ್ನು 2021ರ ಫೆಬ್ರುವರಿಯಲ್ಲಿ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಲಾಗಿದೆ. ಕೊರತೆ ಇರುವುದು ಇವುಗಳನ್ನು ರೋಗಿಯ ಊರಿನಲ್ಲೇ ಒಂದುಗೂಡಿಸುವುದರಲ್ಲಿ.

ಹೃದ್ರೋಗಕ್ಕೆ ಇಂದು ಕಲಬುರಗಿಯಲ್ಲೇ ಜಯದೇವ ಆಸ್ಪತ್ರೆ ಇದೆ. ಯಕೃತ್ತಿಗೆ ಸಂಬಂಧಿಸಿದ ಸರ್ಕಾರಿ ಉನ್ನತ ಸಂಸ್ಥೆಗಾಗಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದವರೆಗೆ ಹೋಗಬೇಕು. ಹಾಗೆಂದು ಎಲ್ಲಕ್ಕೂ ದೊಡ್ಡ ಕಟ್ಟಡವೇ ಬೇಕಿಲ್ಲ. ವಯಸ್ಸು, ಪ್ಲೇಟ್‌ಲೆಟ್ ಸಂಖ್ಯೆ ಮತ್ತು ಎರಡು ಕಿಣ್ವಗಳ ಪ್ರಮಾಣ ಗೊತ್ತಿದ್ದರೆ 'ಫಿಬ್-4' ಎಂಬ ಸರಳ ಲೆಕ್ಕದಿಂದ ಯಕೃತ್ತು ಗಟ್ಟಿಯಾಗಿರುವ ಸಂಭವವನ್ನು ಅಂದಾಜಿಸಬಹುದು. ಸಾಮಾನ್ಯ ರಕ್ತಪರೀಕ್ಷೆಯೇ ಇದಕ್ಕೆ ಸಾಕು.

371ಜೆ ವಿಧಿಯ ಬಲದಿಂದ ರೂಪುಗೊಂಡ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯು ಈ ಲೆಕ್ಕವನ್ನು ಪ್ರತಿ ತಾಲ್ಲೂಕು ಆಸ್ಪತ್ರೆಗೂ ತಲುಪಿಸಲು ಮನಸ್ಸು ಮಾಡಿದರೆ ಹೆಚ್ಚು ಹಣವೇನೂ ಬೇಕಾಗದು. ಸಕ್ಕರೆ ಕಾಯಿಲೆಯ ತಪಾಸಣೆಗೆ ಬರುವವರನ್ನು 'ಯಕೃತ್ತಿನ ತೊಂದರೆ ಇತ್ತೇ, ಕೊರೊನಾದಿಂದ ಆಸ್ಪತ್ರೆ ಸೇರಿದ್ದಿರಾ' ಎಂದು ಕೇಳಿ ಚೀಟಿಯಲ್ಲಿ ಬರೆದಿಟ್ಟರೂ ಸಾಕು, ಇದುವರೆಗೆ ಲೆಕ್ಕಕ್ಕೆ ಸಿಗದ ಈ ರೋಗಿಗಳು ಕಣ್ಣಿಗೆ ಬೀಳುತ್ತಾರೆ. ಚಿಕಿತ್ಸೆ ಆರಂಭವಾಗುವುದು ಅಲ್ಲಿಂದಲೇ.